ಹೊಸ ಫರ್ಮ್‌ವೇರ್ ಬಂದ ದಿನದ ನಡವಳಿಕೆ

ಗಿಟಾರ್ ಆಂಪ್ ಮಾಡೆಲರ್‌ಗೆ (ಬೇರೆ ಬೇರೆ ಆಂಪ್ಲಿಫೈಯರ್‌ಗಳ ಧ್ವನಿಯನ್ನು ಡಿಜಿಟಲ್ ಆಗಿ ಅನುಕರಿಸುವ ಸಾಧನಕ್ಕೆ) ಹೊಸ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ಒಳಗಿನ ತಂತ್ರಾಂಶ, ಬಿಡುಗಡೆಯಾದ ದಿನವೇ "ಧ್ವನಿ ಕೆಟ್ಟುಹೋಯಿತು" ಎಂಬ ಒಂದೇ ಸಾಲಿನ ದೂರುಗಳು ಶುರುವಾಗುತ್ತವೆ. ಯಾವ ಆವೃತ್ತಿಯಿಂದ ಯಾವುದಕ್ಕೆ ಬಂದದ್ದು, ಯಾವ ಆಂಪ್ ಮಾದರಿ, ಸ್ಪೀಕರ್ ಕ್ಯಾಬಿನೆಟ್‌ಗೆ ಯಾವ ಐಆರ್ (ಇಂಪಲ್ಸ್ ರೆಸ್ಪಾನ್ಸ್, ಅಂದರೆ ಕ್ಯಾಬಿನೆಟ್‌ನ ಧ್ವನಿಗುಣವನ್ನು ಸೆರೆಹಿಡಿದ ಫೈಲ್), ಕೇಳಿದ್ದು ಹೆಡ್‌ಫೋನಿನಲ್ಲೋ ಸ್ಪೀಕರಿನಲ್ಲೋ ಎಂಬಷ್ಟನ್ನಾದರೂ ತಿಳಿಸದಿದ್ದರೆ, ನೆರವಾಗಬಲ್ಲವರು ಉತ್ತರ ಕೊಡುವ ಬದಲು ಪ್ರಶ್ನೆಗಳನ್ನೇ ಕೇಳುತ್ತ ಕೂರಬೇಕಾಗುತ್ತದೆ. ಆಂಪ್ ಮಾದರಿಯ ಲೆಕ್ಕಾಚಾರವನ್ನೇ ತಯಾರಕರು ತಿದ್ದಿರುವಾಗ ಹಳೆಯ ಪ್ರೀಸೆಟ್‌ನ (ಉಳಿಸಿಟ್ಟ ಧ್ವನಿ ಹೊಂದಿಕೆಯ) ಗೇನ್ (ಸಿಗ್ನಲ್‌ನ ವರ್ಧನೆ) ಅಥವಾ ಬಾಸ್ ತುಸು ಬೇರೆಯಾಗಿ ಕೇಳಿಸುವುದು ದೋಷವೇ ಆಗಿರಬೇಕಿಲ್ಲ. ಅಂಥ ಬದಲಾವಣೆಯನ್ನು ಬಿಡುಗಡೆ ಟಿಪ್ಪಣಿಯಲ್ಲಿ ಬಹುಮಟ್ಟಿಗೆ ಹೇಳಿಯೇ ಇರುತ್ತಾರೆ, ಓದುವವರು ಮಾತ್ರ ಕಡಿಮೆ.

ಪ್ರೀಸೆಟ್ ಹಂಚುವವರೂ ಆವೃತ್ತಿಯ ಸಂಖ್ಯೆಯನ್ನು ಜೊತೆಗೆ ನಮೂದಿಸುವುದು ಒಳ್ಳೆಯದು, ಏಕೆಂದರೆ ಹೊಸ ಫರ್ಮ್‌ವೇರ್‌ನಲ್ಲಿ ಉಳಿಸಿದ ಫೈಲ್ ಹಳೆಯದರಲ್ಲಿ ಅನೇಕ ವೇಳೆ ತೆರೆಯುವುದೇ ಇಲ್ಲ. ಬೀಟಾ (ಇನ್ನೂ ಪರೀಕ್ಷೆಯಲ್ಲಿರುವ) ಆವೃತ್ತಿಯನ್ನು ಹಾಕಿಕೊಂಡು ವೇದಿಕೆ ಹತ್ತಿದವರ ಗೋಳಿಗೆ ನನ್ನಲ್ಲಿ ಹೆಚ್ಚು ಸಹಾನುಭೂತಿಯಿಲ್ಲ.

"ಮುಂದಿನ ಅಪ್‌ಡೇಟ್ ಯಾವಾಗ?" ಎಂಬ ಪ್ರಶ್ನೆಯ ಅವಸರ ಒಂದು ರೀತಿಯಲ್ಲಿ ಅರ್ಥವಾಗುತ್ತದೆ. 2015ರಲ್ಲಿ ಬಂದ ಲೈನ್ 6 ಕಂಪನಿಯ ಹೀಲಿಕ್ಸ್ ಮಾಡೆಲರ್‌ಗೆ ವರ್ಷಗಳ ನಂತರವೂ ಹೊಸ ಆಂಪ್‌ಗಳು, ಎಫೆಕ್ಟ್‌ಗಳು ಉಚಿತವಾಗಿ ಸೇರುತ್ತಲೇ ಬಂದವು. ಹೀಗೆ ರೂಢಿಯಾದ ಕೊಡುಗೆಯನ್ನು ಬಳಕೆದಾರರು ಹಕ್ಕೆಂದು ಭಾವಿಸುವುದು ಸಹಜ. ಆದರೆ ಖರೀದಿಸಿದ ದಿನ ಪೆಟ್ಟಿಗೆಯಲ್ಲಿ ಏನಿತ್ತೋ ಅದಕ್ಕಷ್ಟೇ ನಾವು ಹಣ ಕೊಟ್ಟದ್ದು ಎಂಬುದನ್ನು ಮರೆತು, ತಡವಾದುದಕ್ಕೆ ಎಂಜಿನಿಯರುಗಳನ್ನು ಹೀಯಾಳಿಸುವುದು ನನಗೆ ಒಪ್ಪಿಗೆಯಾಗದು.

ಈ ಬಾರಿಯ ಅಪ್‌ಡೇಟನ್ನು ನಾನಿನ್ನೂ ಹಾಕಿಲ್ಲ. ಪ್ರೀಸೆಟ್‌ಗಳ ಬ್ಯಾಕಪ್ ಮುಗಿದ ಮೇಲೆ ಯುಎಸ್‌ಬಿ ಕೇಬಲ್ ಜೋಡಿಸುತ್ತೇನೆ.