ಕನ್ಸಲ್ಟಂಟರು ಬಂದಾರ, ಚಹಾ ಇಡ್ರಿ

ನಮ್ಮ ಸರ್ ಕಳೆದ ಶ್ರಾವಣದಲ್ಲಿ ತೀರಿಕೊಂಡರು. ವರ್ಷಗಟ್ಟಲೆ ಸುಮ್ಮನಿದ್ದ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪು ಅವತ್ತು ನಡುರಾತ್ರಿ ದಾಟಿದರೂ ಮಲಗಲಿಲ್ಲ. ಪಾಠದ ಬಗ್ಗೆ ಯಾರೂ ಒಂದು ಸಾಲು ಬರೆಯಲಿಲ್ಲ. ಎಲ್ಲರೂ ಬರೆದದ್ದು ಸರ್ ಬೈದ ಬೈಗುಳ. ಒಬ್ಬೊಬ್ಬರಿಗೂ ತನಗೇ ಜಾಸ್ತಿ ಬೈದಿದ್ದು ಎಂಬ ಹೆಮ್ಮೆ ಬೇರೆ.

ನಾನು ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಎಂ.ಟೆಕ್. ಮಾಡಿದ್ದು 2014ರಿಂದ 2016ರವರೆಗೆ. ಸರ್ ಆಗ ಒಂದು ಪದ್ಧತಿ ಇಟ್ಟಿದ್ದರು. ನಾಲ್ಕು ನಾಲ್ಕು ಜನರ ತಂಡ. ತಂಡಕ್ಕೊಬ್ಬ ಹುಬ್ಬಳ್ಳಿಯ ಬಿಲ್ಡರ್ ಅಥವಾ ಗುತ್ತಿಗೆದಾರ. ಅವರ ಸೈಟಿನಲ್ಲಿ ಒಂದು ನಿಜವಾದ ತೊಂದರೆ ಇರಬೇಕು. ನಾವು ಅದನ್ನು ಹುಡುಕಿ, ದಾರಿ ತೋರಿಸಿ, ಕೊನೆಗೆ ಅವರ ಎದುರೇ ನಿಂತು ಹೇಳಬೇಕು. ಅರ್ಧ ಮಾರ್ಕ್ಸ್ ಕ್ಲೈಂಟ್ ಕೈಯಲ್ಲಿ. ಉಳಿದರ್ಧ ಸರ್ ಕೈಯಲ್ಲಿ, ಅದು ಇನ್ನೂ ಕಷ್ಟ.

ಸರ್ ಶರ್ಟಿನ ಕಿಸೆಯಲ್ಲಿ ಪೆನ್ನು ಇರುತ್ತಿರಲಿಲ್ಲ. ಪ್ಯಾಂಟಿನ ಕಿಸೆಯಲ್ಲಿ ಮಾತ್ರ ಹಿತ್ತಾಳೆಯ ಓಳಂಬ, ಅಂದರೆ ಗೋಡೆ-ಕಂಬ ನೆಟ್ಟಗಿವೆಯೇ ಎಂದು ನೋಡುವ ದಾರದ ತೂಗುಗುಂಡು, ಇದ್ದೇ ಇರುತ್ತಿತ್ತು. ಸೈಟಿಗೆ ಕಾಲಿಟ್ಟ ಕೂಡಲೇ ಮೊದಲು ಸಿಕ್ಕ ಕಾಲಂಗೆ ಅದನ್ನು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಮಾತು ಆಮೇಲೆ. ನಾವು ಅವರಿಗೆ ಓಳಂಬ ಸರ್ ಎಂದೇ ಹೆಸರಿಟ್ಟಿದ್ದೆವು. ಅವರಿಗೆ ಗೊತ್ತಿತ್ತು.

ನಮ್ಮ ತಂಡಕ್ಕೆ ಸಿಕ್ಕಿದ್ದು ಗೋಕುಲ ರೋಡ್ ಕಡೆಯ ಒಂದು ಅಪಾರ್ಟ್‌ಮೆಂಟ್. ಕೆಲಸ ತಿಂಗಳುಗಟ್ಟಲೆ ಹಿಂದೆ ಬಿದ್ದಿತ್ತು. ಬಿಲ್ಡರ್ ಸಾಹೇಬರ ಪ್ರಕಾರ ಕಾರಣ ಒಂದೇ: "ಮಂದಿ ಮೈಗಳ್ಳರು ಆಗ್ಯಾರ್ರೀ." ಹುಬ್ಬಳ್ಳಿ-ಧಾರವಾಡ ನಡುವೆ ಬಿಆರ್‌ಟಿಎಸ್‌ಗಾಗಿ, ಅಂದರೆ ಬಸ್ಸಿಗೇ ಬೇರೆ ದಾರಿ ಮಾಡಲು, ರಸ್ತೆ ಅಗೆಯುತ್ತಿದ್ದ ಕಾಲ ಅದು. ಆ ದಾರಿಯಲ್ಲಿ ಓಡುವ ಚಿಗರಿ ಬಸ್ಸು ಇನ್ನೂ ಬಂದಿರಲಿಲ್ಲ. ಧಾರವಾಡದ ರೂಮಿನಿಂದ ಹೊರಟು ನವನಗರ, ಉಣಕಲ್ ದಾಟಿ ಸೈಟ್ ಮುಟ್ಟುವಷ್ಟರಲ್ಲಿ ನಮ್ಮ ತಲೆಯ ಮೇಲೆ ಇನ್ನೊಂದು ರೋಡಿಗೆ ಆಗುವಷ್ಟು ಧೂಳು.

ಆ ಧೂಳಿನಲ್ಲೇ ನಮಗೆ ದೊಡ್ಡಸ್ತಿಕೆ ಹೊಳೆಯಿತು. ದುರ್ಗದಬೈಲ್ ಹತ್ತಿರ ಒಂದು ಪ್ರೆಸ್ಸಿನಲ್ಲಿ ವಿಸಿಟಿಂಗ್ ಕಾರ್ಡ್ ಹೊಡೆಸಿದೆವು. ನಾಲ್ವರ ಹೆಸರಿನ ಮೊದಲ ಅಕ್ಷರ ಸೇರಿಸಿ ಒಂದು ಕಂಪನಿ. ಕೆಳಗೆ ದಪ್ಪಗೆ 'ಕನ್ಸಲ್ಟಂಟ್ಸ್'. ಐಡಿಯಾ ನನ್ನದು ಅಂತ ಇಲ್ಲಿ ದಾಖಲಿಸುತ್ತೇನೆ, ಗೆಳೆಯರು ಈಗಲೂ ಜಗಳ ಕಾಯುತ್ತಾರೆ. ಕಾರ್ಡ್ ನೋಡಿ ವಾಚ್‌ಮನ್ ಎದ್ದು ನಿಂತು ಸಲಾಂ ಹೊಡೆದ. ಸೈಟ್ ಸೂಪರ್‌ವೈಸರ್ ಕುರ್ಚಿ ತರಿಸಿದ. ಪಕ್ಕದ ಪ್ಲಾಟಿನವರೊಬ್ಬರು ಎರೆಮಣ್ಣಿನಲ್ಲಿ ಮನೆ ಕಟ್ಟಬೇಕು, ಪಾಯ ಎಷ್ಟು ಆಳ ತೆಗೆಯಬೇಕು ಎಂದು ಕೇಳಿಕೊಂಡು ಬಂದರು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣು ದೊಡ್ಡ ದೊಡ್ಡವರನ್ನೇ ಕಾಡಿದ್ದು. ನಾವು ಗಂಭೀರವಾಗಿ ಮಣ್ಣು ಪರೀಕ್ಷೆ ಮಾಡಿಸಿ ಎಂದು ಹೇಳಿ ಕಳಿಸಿದೆವು. ಉತ್ತರವೇನೋ ಸರಿಯಾಗಿಯೇ ಇತ್ತು!

ಸರ್ ಕೈಗೆ ಕಾರ್ಡ್ ಹೇಗೆ ಸಿಕ್ಕಿತೋ ದೇವರೇ ಬಲ್ಲ. ಬೈಯಲಿಲ್ಲ. ಮರುದಿನ ಸೈಟಿಗೆ ನಮ್ಮ ಹಿಂದೆಯೇ ಬಂದು ಗೌಂಡಿಗಳ ಎದುರು ಕೂಗಿದರು: "ಕನ್ಸಲ್ಟಂಟರು ಬಂದಾರ, ಚಹಾ ಇಡ್ರಿ. ಇವರ ಫೀ ಭಾಳ ಐತಿ, ಇವತ್ತು ಇವರ ಕಡೆ ಕಾಂಕ್ರೀಟ್ ಹಾಕಿಸ್ರಿ." ಅವತ್ತು ಸಂಜೆಯ ತನಕ ನಾವು ನಾಲ್ವರೂ ಖಡಿ, ಉಸುಕು ಬುಟ್ಟಿಯಲ್ಲಿ ಹೊತ್ತೆವು. ಟೈ ಕಟ್ಟಿಕೊಂಡು ಬಂದಿದ್ದವನ ಟೈ ಮಿಕ್ಸರ್ ಪಕ್ಕದ ಗೂಟದಲ್ಲಿ ನೇತಾಡುತ್ತಿತ್ತು.

ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ. ನಾವು ಪ್ರಿಮಾವೆರಾ ಎಂಬ ಸಾಫ್ಟ್‌ವೇರ್‌ನಲ್ಲಿ ಗೋಡೆ ತುಂಬುವಷ್ಟು ದೊಡ್ಡ ಶೆಡ್ಯೂಲ್ ಮಾಡಿದ್ದೆವು. ಸರ್ ಅದನ್ನು ಮಡಚಿ ಕೈಗೆ ಕೊಟ್ಟರು. "ಒಯ್ದು ಗೌಂಡಿಗೆ ತೋರಿಸ್ರಿ. ಅವಂಗ ತಿಳೀಲಿಲ್ಲಂದ್ರ ನಿಮಗೂ ತಿಳಿದಿಲ್ಲ." ಹಿರಿಯ ಗೌಂಡಿ ಅದನ್ನು ನೋಡಿ, ತಂಬಾಕು ತಿಕ್ಕುತ್ತಾ ಕೇಳಿದ: "ಇದರಾಗ ನೀರಿನ ಟ್ಯಾಂಕರ್ ಎಲ್ಲೈತ್ರೀ?" ಎಲ್ಲೂ ಇರಲಿಲ್ಲ. ನಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ ಎನ್ನುವ ಊರು ನಮ್ಮದು. ಟ್ಯಾಂಕರ್ ಬರುತ್ತಿದ್ದದ್ದು ಬಿಸಿಲೇರಿದ ಮೇಲೆ. ಅಲ್ಲಿವರೆಗೆ ಗೌಂಡಿ, ಕೂಲಿಯವರು ಎಲ್ಲ ಸುಮ್ನೆ ಕೂರಬೇಕು. ಬಿಲ್ಡರ್ ಸಾಹೇಬರು ಕಾರಿನಲ್ಲಿ ಬಂದು ನೋಡುತ್ತಿದ್ದದ್ದೂ ಅದೇ ಹೊತ್ತಿಗೆ. ಮೈಗಳ್ಳರು ಅನ್ನಿಸದೆ ಇನ್ನೇನು?

ಎರಡನೆಯದು ಸೆಂಟ್ರಿಂಗ್, ಅಂದರೆ ಹಸಿ ಸ್ಲ್ಯಾಬ್ ಗಟ್ಟಿಯಾಗುವ ತನಕ ಅದನ್ನು ಹೊರುವ ಹಲಗೆ, ಕಂಬಗಳು. ಹಾಲ್‌ಗಳು ಅಗಲವಾಗಿದ್ದವು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಸ್ಲ್ಯಾಬಿನ ಸ್ಪ್ಯಾನ್, ಅಂದರೆ ಆಧಾರದಿಂದ ಆಧಾರಕ್ಕಿರುವ ದೂರ, 4.5 ಮೀಟರ್ ದಾಟಿದರೆ ಕೆಳಗಿನ ಆಧಾರದ ಕಂಬಗಳನ್ನು 14 ದಿನ ತೆಗೆಯುವಂತಿಲ್ಲ. ಇವರ ಹತ್ತಿರ ಇದ್ದದ್ದು ಒಂದೇ ಮಹಡಿಗೆ ಸಾಲುವಷ್ಟು ಸಾಮಾನು. ಹೀಗಾಗಿ ಪ್ರತಿ ಸ್ಲ್ಯಾಬ್ ಆದಮೇಲೂ ಮೇಲಿನ ಕೆಲಸ ನಿಲ್ಲುತ್ತಿತ್ತು. ಕೆಲವು ಸಲ ಸೂಪರ್‌ವೈಸರ್ ತಡೆಯಲಾರದೆ ಕಂಬಗಳನ್ನು ಬೇಗ ಬಿಚ್ಚಿಸಿಯೂ ಇದ್ದ. ಇನ್ನೊಂದು ಸೆಟ್ ಬಾಡಿಗೆಗೆ ತಂದರೆ ಆಗುವ ಖರ್ಚು, ಸಾಹೇಬರು ಬ್ಯಾಂಕಿಗೆ ಕಟ್ಟುತ್ತಿದ್ದ ತಿಂಗಳ ಬಡ್ಡಿಗಿಂತ ಕಡಿಮೆ. ಇಷ್ಟೇ ಲೆಕ್ಕ. ಒಂದು ಹಾಳೆ ಸಾಕಾಯಿತು.

ಮೂರನೆಯದನ್ನು ಹಿಡಿದಿದ್ದು ನಾವಲ್ಲ, ನಮ್ಮ ಲ್ಯಾಬಿನ ಕಾಕಾ. ಕಾಂಕ್ರೀಟನ್ನು ಸಲಿಕೆಯಲ್ಲಿ ಒಮ್ಮೆ ತಿರುವಿ ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಎಂಬ ಅಳತೆ) ಎಷ್ಟು ಬರುತ್ತದೆ ಎಂದು ಹೇಳುತ್ತಿದ್ದರು, ಆಮೇಲೆ ಅದನ್ನು ಅಳೆಯುವ ಕೋನ್ ಇಟ್ಟರೆ ಹೆಚ್ಚುಕಡಿಮೆ ಅಷ್ಟೇ. ಕ್ಯೂಬ್ ಅಂದರೆ ಸೈಟಿನಲ್ಲಿ ಹಾಕುವ ಕಾಂಕ್ರೀಟನ್ನೇ ಅಚ್ಚಿಗೆ ತುಂಬಿ, ಗಟ್ಟಿಯಾದ ಮೇಲೆ ಒಡೆದು ಬಲ ನೋಡುವ ತುಂಡು. ಆ ಸೈಟಿನ ಕ್ಯೂಬ್ ರಿಪೋರ್ಟುಗಳನ್ನು ತಿರುವಿ ಕಾಕಾ ನಕ್ಕರು. 28 ದಿನದ ಬಲ ಎಲ್ಲದರಲ್ಲೂ ಒಂದೇ ಸಮ, ಒಂದೂ ಏರಿಲ್ಲ, ಇಳಿದಿಲ್ಲ. "ಇಷ್ಟು ಶಿಸ್ತಿನ ಕಾಂಕ್ರೀಟ್ ನಾ ಕಂಡಿಲ್ಲ ತಮ್ಮಾ. ಕ್ಯೂಬಿಗೆ ಒಂದು ಮಾಲು, ಕಾಲಂಗೆ ಒಂದು ಮಾಲು." ಅಂದಿನಿಂದ ಕ್ಯೂಬ್ ತುಂಬುವಾಗ ನಮ್ಮಲ್ಲೊಬ್ಬ ಹತ್ತಿರ ನಿಲ್ಲತೊಡಗಿದ. ರಿಪೋರ್ಟಿನ ಅಂಕಿಗಳು ತಾವಾಗಿಯೇ ಏರಿಳಿಯತೊಡಗಿದವು.

ಕೊನೆಯ ದಿನ ಸಾಹೇಬರ ಎದುರು ನಾನೇ ಮಾತಾಡಿದೆ. ಚೆನ್ನಾಗಿ ಮಾತಾಡಿದೆ ಎಂದೇ ಎಲ್ಲರೂ ಹೇಳುತ್ತಾರೆ. ಟ್ಯಾಂಕರ್ ರಾತ್ರಿಯೇ ತರಿಸಿ ತೊಟ್ಟಿ ತುಂಬಿಸಲು ಅವರು ಕೂಡಲೇ ಒಪ್ಪಿದರು. ಬಾಡಿಗೆ ಸೆಟ್ಟಿಗೆ ಸ್ವಲ್ಪ ಗೊಣಗಿ ಒಪ್ಪಿದರು. ಕ್ಯೂಬಿನ ಮಾತು ಬಂದಾಗ ಮುಖ ಕೆಂಪಾಯಿತು. ಸರ್ ಮಾತ್ರ ಕಿಟಕಿಯ ಚೌಕಟ್ಟಿಗೆ ಓಳಂಬ ಬಿಟ್ಟುಕೊಂಡು ನಿಂತಿದ್ದರು. ನಮಗೆ ಮಾರ್ಕ್ಸ್ ಸ್ವಲ್ಪ ಕಡಿಮೆಯೇ ಬಂತು. ಸಾಹೇಬರ ಕೈಯಲ್ಲಿದ್ದ ಅರ್ಧದಲ್ಲಿ.

2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಆ ವಾರ ಸರ್ ಫೋನ್ ಮಾಡಿದರು. ಕುಶಲ ಕೇಳಲಿಲ್ಲ. "ನಿಮ್ಮ ಸೈಟಿನಾಗ ಕ್ಯೂಬ್ ಯಾರು ತುಂಬ್ತಾರ?" ಹೇಳಿದೆ. ಹೂಂ ಎಂದು ಇಟ್ಟರು. ನಮ್ಮ ಬ್ಯಾಚಿನ ಇನ್ನೂ ಕೆಲವರಿಗೆ ಇದೇ ಫೋನ್ ಹೋಗಿತ್ತು ಅಂತ ಗುಂಪಿನಲ್ಲಿ ಗೊತ್ತಾಗಿದ್ದು ಈಗ, ಅವರು ಹೋದ ಮೇಲೆ.

ಇವತ್ತಿನ ಹುಡುಗರು ಜಾಣರು, ನಮಗಿಂತ ಜಾಸ್ತಿ ಸಾಫ್ಟ್‌ವೇರ್ ಬಲ್ಲರು. ಆದರೆ ಹೆಲ್ಮೆಟ್ ಹಾಕಿಕೊಂಡು ಫೋಟೋ, ಒಂದು ಸರ್ಟಿಫಿಕೇಟ್, ಅಲ್ಲಿಗೆ ಇಂಟರ್ನ್‌ಶಿಪ್ ಮುಗಿಯಿತು. ಹೋದ ವರ್ಷ ನನ್ನ ಹತ್ತಿರ ಬಂದ ಎರಡು ರಿಪೋರ್ಟುಗಳಲ್ಲಿ ಕೃತಜ್ಞತೆಯ ಪುಟ ಕೂಡ ಅಕ್ಷರಶಃ ಒಂದೇ ಇತ್ತು. ತಪ್ಪು ಅವರದಷ್ಟೇ ಅಲ್ಲ. ಸೈಟಿಗೆ ಬಂದು ನಿಲ್ಲುವ ಸರ್‌ಗಳಿಗೆ ಈಗ ಕಾಲೇಜು ಕೊಡುವ ಕೆಲಸವೆಲ್ಲ ಫೈಲ್ ತುಂಬುವುದು, ಅಲ್ವಾ?

ಪುಣೆಯಲ್ಲಿ ಈಗ ನನ್ನ ಕೈಕೆಳಗೆ ಮೂರು ಟವರ್‌ಗಳ ಕೆಲಸ ನಡೆಯುತ್ತಿದೆ. ನಮ್ಮ ಕಾಲೇಜಿನ ನಾಲ್ವರ ಒಂದು ತಂಡಕ್ಕೆ ಜಾಗ ಇದೆ, ಊಟ-ವಸತಿ ನನ್ನದು. ತೊಂದರೆ ಏನು ಅಂತ ನಾನು ಮೊದಲೇ ಹೇಳುವುದಿಲ್ಲ. ಬೆಳಿಗ್ಗೆ ಏಳೂವರೆಗೆ ಸೈಟಿನಲ್ಲಿರಬೇಕು. ಪ್ರಾಂಶುಪಾಲರು ಮನಸ್ಸು ಮಾಡಿದರೆ ದೀಪಾವಳಿ ಆದಮೇಲೆ ಕಳಿಸಲಿ.