ಮೇಳದ ಮೈದಾನವನ್ನು ಊರಾಚೆ ಸಾಗಿಸಬೇಕೆ?

ನಾನು ನಗರಗಳ ಬಗ್ಗೆ ಬರೆಯುತ್ತೇನೆಂದು ಗೊತ್ತಿರುವವರು ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಎತ್ತುತ್ತಾರೆ. ಊರಿನ ನಟ್ಟನಡುವೆ ಎಕರೆಗಟ್ಟಲೆ ಜಾಗ ಹಿಡಿದುಕೊಂಡು ಮೇಳದ ಮೈದಾನವೊಂದಿದೆ. ವರ್ಷದಲ್ಲಿ ಹತ್ತು ಹದಿನೈದು ದಿನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಸುತ್ತಲಿನ ರಸ್ತೆಗಳೆಲ್ಲ ಕಟ್ಟಿಹೋಗುತ್ತವೆ. ಮಿಕ್ಕ ದಿನಗಳಲ್ಲಿ ಬಿಕೋ ಎನ್ನುತ್ತದೆ. ಅದನ್ನು ಹೊರವಲಯಕ್ಕೆ ಸಾಗಿಸಿ ಆ ಜಾಗದಲ್ಲಿ ಮನೆಗಳನ್ನೋ ಕಚೇರಿಗಳನ್ನೋ ಕಟ್ಟಿದರೆ ತಪ್ಪೇನು?

ಒಂದೇ ಮಾತಿನ ಉತ್ತರ ಬೇಕೆನ್ನುವವರಿಗೆ ನಾನು ಹೇಳುವುದಿಷ್ಟು: ವ್ಯಾಪಾರಿಗಳ ಮೇಳ, ಅಂದರೆ ವಾಣಿಜ್ಯ ಪ್ರದರ್ಶನ, ಬೇಕಾದರೆ ಹೊರಗೆ ಹೋಗಲಿ, ಜನರ ಮೇಳ ಊರೊಳಗೇ ಇರಲಿ. ಇವೆರಡೂ ಒಂದೇ ಬೇಲಿಯೊಳಗೆ ನಡೆಯುತ್ತವೆ ಎಂಬ ಕಾರಣಕ್ಕೆ ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಈ ವಾದ ಎಲ್ಲ ಊರುಗಳಲ್ಲೂ ಹಾದಿ ತಪ್ಪುತ್ತದೆ.

ಜರ್ಮನಿಯ ಮ್ಯೂನಿಕ್ ನಗರವನ್ನೇ ನೋಡಿ. 1810ರ ಅಕ್ಟೋಬರ್‌ನಲ್ಲಿ ಬವೇರಿಯಾದ ಯುವರಾಜ ಲುಡ್ವಿಗ್ ಮತ್ತು ತೆರೇಸಾ ಅವರ ಮದುವೆಯ ಸಂಭ್ರಮಕ್ಕೆಂದು ಕೋಟೆ ಬಾಗಿಲಿನಾಚೆಯ ಹುಲ್ಲುಗಾವಲಿನಲ್ಲಿ ಕುದುರೆ ಪಂದ್ಯ ನಡೆಯಿತು. ಮರುವರ್ಷ ಅದಕ್ಕೆ ಕೃಷಿ ಪ್ರದರ್ಶನವೂ ಸೇರಿಕೊಂಡಿತು. ಆಗ ಅದು ಊರಾಚೆ. ಮದುಮಗಳ ಹೆಸರಿನಲ್ಲಿ ತೆರೇಸಿಯನ್‌ವೀಸೆ ಎಂದು ಕರೆಸಿಕೊಂಡ ಆ ಬಯಲು ಇದ್ದಲ್ಲೇ ಇತ್ತು, ನಗರವೇ ಬೆಳೆದು ಬಂದು ಅದನ್ನು ಸುತ್ತುವರಿಯಿತು. ಬಹುತೇಕ ಊರುಗಳ ಕಥೆ ಇದೇ. ಮೈದಾನವನ್ನು ಊರ ನಡುವೆ ತಂದಿಟ್ಟವರು ಯಾರೂ ಇಲ್ಲ. ಇವತ್ತು ಅದನ್ನು ಊರಾಚೆಗೆ ತಳ್ಳಿದರೆ ಇನ್ನೈವತ್ತು ವರ್ಷಕ್ಕೆ ಅಲ್ಲಿಯೂ ಇದೇ ವಾದ, ಇದೇ ಪ್ರಶ್ನೆ.

ಆ ಬಯಲಿನ ಅಳತೆ ಸುಮಾರು 42 ಹೆಕ್ಟೇರ್. ಮುಖ್ಯ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು, ಅಂಚಿನಲ್ಲೇ ಸುರಂಗ ರೈಲಿನ ನಿಲ್ದಾಣವಿದೆ. ಆ ಮದುವೆಯ ಸಂಭ್ರಮದಿಂದಲೇ ಬೆಳೆದ ವಾರ್ಷಿಕ ಮೇಳ ಅಕ್ಟೋಬರ್‌ಫೆಸ್ಟ್‌ನ ಎರಡು ವಾರ ಚಿಲ್ಲರೆ ದಿನಗಳಲ್ಲಿ ಅಲ್ಲಿಗೆ 60 ಲಕ್ಷದಷ್ಟು ಜನ ಬಂದು ಹೋಗುತ್ತಾರೆ. ಅದರ ಪಶ್ಚಿಮಕ್ಕೆ, ದಿಣ್ಣೆಯ ಮೇಲೆ, 1908ರಿಂದ ಆ ನಗರದ ವಾಣಿಜ್ಯ ವಸ್ತುಪ್ರದರ್ಶನದ ಸಭಾಂಗಣಗಳಿದ್ದವು. ಕ್ರೇನು, ಅಗೆಯುವ ಯಂತ್ರಗಳನ್ನು ತಂದು ನಿಲ್ಲಿಸುವ ಬೌಮಾ ಮೇಳವೂ ಆ ಆಸುಪಾಸಿನಲ್ಲೇ ನಡೆಯುತ್ತಿತ್ತು. ವಸತಿ ಬೀದಿಗಳ ನಡುವೆ ಅಷ್ಟು ದೊಡ್ಡ ಯಂತ್ರಗಳು! 1992ರಲ್ಲಿ ರೀಮ್ ವಿಮಾನ ನಿಲ್ದಾಣ ಮುಚ್ಚಿ ಜಾಗ ತೆರವಾದ ಮೇಲೆ ನಗರ ವಾಣಿಜ್ಯ ಪ್ರದರ್ಶನವನ್ನು ಅಲ್ಲಿಗೆ ಸಾಗಿಸಿತು. 1998ರಲ್ಲಿ ಹೊಸ ಸಭಾಂಗಣಗಳು ತೆರೆದವು, ಮರುವರ್ಷ ಸುರಂಗ ರೈಲು ಅಲ್ಲಿಗೆ ತಲುಪಿತು. ದಿಣ್ಣೆಯ ಮೇಲಿನ ಹಳೆಯ ಜಾಗದಲ್ಲಿ ಮನೆಗಳು, ಕಚೇರಿಗಳು ಎದ್ದವು. ಮೂರು ಹಳೆಯ ಸಭಾಂಗಣಗಳನ್ನು ಮಾತ್ರ ಉಳಿಸಿಕೊಂಡು ಸಾರಿಗೆ ವಸ್ತುಸಂಗ್ರಹಾಲಯ ಮಾಡಿದರು.

ದಿಣ್ಣೆಯ ಕೆಳಗಿನ ಬಯಲನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಒಂದೇ ನಗರ, ಅಕ್ಕಪಕ್ಕದ ಎರಡು ಮೈದಾನ, ಎರಡು ಬೇರೆ ತೀರ್ಮಾನ. ಎರಡೂ ಸರಿ ಎಂದೇ ನನ್ನ ಎಣಿಕೆ.

ಏಕೆಂದು ತಿಳಿಯಬೇಕಾದರೆ ವಾಣಿಜ್ಯ ಪ್ರದರ್ಶನದ ಹಿಂದಿನ ರಾತ್ರಿ ಸಭಾಂಗಣದ ಹಿಂಬಾಗಿಲಿನಲ್ಲಿ ನಿಂತು ನೋಡಬೇಕು. ಲಾರಿಗಳು ಒಂದರ ಹಿಂದೊಂದು ಸಾಲುಗಟ್ಟಿರುತ್ತವೆ. ಮುಂದಿನದು ಖಾಲಿಯಾಗುವವರೆಗೆ ಹಿಂದಿನದಕ್ಕೆ ಅಲ್ಲಾಡಲು ಜಾಗವಿಲ್ಲ. ಫೋರ್ಕ್‌ಲಿಫ್ಟ್‌ನವನು ಮರದ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಕಂಬಗಳ ನಡುವೆ ದಾರಿ ಹುಡುಕುತ್ತಾನೆ. ಇಂಥ ಪ್ರದರ್ಶನಕ್ಕೆ ಕಂಬಗಳಿಲ್ಲದ ವಿಶಾಲ ಸಭಾಂಗಣ ಬೇಕು, ಟನ್‌ಗಟ್ಟಲೆ ಭಾರ ತಡೆಯುವ ನೆಲ ಬೇಕು, ಆ ನೆಲದಡಿಯ ಕಾಲುವೆಗಳಲ್ಲಿ ವಿದ್ಯುತ್, ನೀರು, ಒತ್ತಡದ ಗಾಳಿ ಎಲ್ಲ ಹರಿದುಬಂದು ಮಳಿಗೆ ಮಳಿಗೆಗೂ ಸಿಗಬೇಕು. ಪ್ರದರ್ಶನ ಮುಗಿದ ರಾತ್ರಿ ಎಲ್ಲರೂ ಒಟ್ಟಿಗೇ ಕಳಚಿ ಹೊರಡುತ್ತಾರೆ, ಸಾಲು ಇನ್ನೂ ಉದ್ದ. ಇನ್ನು ಬರುವ ಅತಿಥಿಗಳು ವಿಮಾನದಲ್ಲಿ ಬಂದು, ಹೋಟೆಲ್ ಹಿಡಿದು, ಮೊದಲೇ ನೋಂದಾಯಿಸಿಕೊಂಡು ಎರಡು ಮೂರು ದಿನ ಇರುವವರು. ಅವರಿಗೆ ವಿಮಾನ ನಿಲ್ದಾಣ ಹತ್ತಿರವಿದ್ದರೆ ಸಾಕು. ಮಿಲಾನ್ ಕೂಡ ಹೀಗೆಯೇ ಯೋಚಿಸಿತು. ಹಳೆಯ ತೈಲ ಸಂಸ್ಕರಣಾಗಾರವಿದ್ದ ರೋ ಎಂಬ ಹೊರವಲಯಕ್ಕೆ 2005ರಲ್ಲಿ ಪ್ರದರ್ಶನವನ್ನು ಕಳಿಸಿ, ಅದೇ ವರ್ಷ ಅಲ್ಲಿಗೆ ಮೆಟ್ರೋ ಎಳೆಯಿತು.

ಜನರ ಮೇಳಕ್ಕೆ ಹೋಗುವವರು ನೋಂದಾಯಿಸಿಕೊಳ್ಳುವುದಿಲ್ಲ. ಸಂಜೆ ಐದಕ್ಕೆ ಮನೆಯಲ್ಲಿ ಮಾತು ಹುಟ್ಟುತ್ತದೆ, ಆರಕ್ಕೆ ಮೈದಾನದಲ್ಲಿರುತ್ತಾರೆ. ಮಗುವಿನ ಕಾಲು ಸೋತರೆ ಎಂಟಕ್ಕೆ ವಾಪಸು. ಕೆಲಸ ಮುಗಿಸಿ ಮನೆಗೆ ಹೊರಟವನು ದಾರಿಯಲ್ಲಿ ಇಳಿದು ಒಂದು ಸುತ್ತು ಹಾಕಿ ಹೋಗುತ್ತಾನೆ. ಇದೇ ಮೇಳವನ್ನು 20 ಕಿಲೋಮೀಟರ್ ಆಚೆ ಹಾಕಿ ನೋಡಿ: ಅದೊಂದು ಪ್ರಯಾಣವಾಗುತ್ತದೆ, ರಜೆಯ ದಿನಕ್ಕೆ ಕಾಯಬೇಕಾಗುತ್ತದೆ, ವಾಹನವಿದ್ದವರ ಮಾತಾಗುತ್ತದೆ. ಬಸ್ಸು ಬಿಡುತ್ತೇವೆ ಎಂಬ ಭರವಸೆಯನ್ನು ಎಲ್ಲ ಯೋಜನಾ ವರದಿಗಳೂ ಕೊಡುತ್ತವೆ. ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ.

ದಟ್ಟಣೆಯ ಮಾತಿಗೂ ಒಂದು ಲೆಕ್ಕವಿದೆ. ಕಾರೊಂದು ನಿಲ್ಲಲು, ತಿರುಗಲು, ಹೊರಬರಲು ಎಲ್ಲ ಸೇರಿ 25ರಿಂದ 30 ಚದರ ಮೀಟರ್ ಬೇಕು. ಹತ್ತು ಸಾವಿರ ಕಾರು ಬಂದರೆ 25ರಿಂದ 30 ಹೆಕ್ಟೇರ್. ಅಂದರೆ 60 ಲಕ್ಷ ಜನರನ್ನು ಹಿಡಿಸುವ ತೆರೇಸಿಯನ್‌ವೀಸೆಯ ಅರ್ಧಕ್ಕಿಂತ ಹೆಚ್ಚು ಭಾಗ ಬರೀ ಕಾರಿಗೆ! ಊರ ನಡುವಿನ ಮೈದಾನಕ್ಕೆ ಈ ಖರ್ಚಿಲ್ಲ, ಏಕೆಂದರೆ ಜನ ಕಾಲ್ನಡಿಗೆಯಲ್ಲಿ, ಬಸ್ಸಿನಲ್ಲಿ, ರೈಲಿನಲ್ಲಿ ಬರುತ್ತಾರೆ. ಹೊರವಲಯಕ್ಕೆ ಹೋದ ಮೇಳ ದಟ್ಟಣೆಯನ್ನು ಕಡಿಮೆ ಮಾಡುವುದಿಲ್ಲ. ಅದನ್ನು ಹೆದ್ದಾರಿಯ ಮೇಲೆ ಉದ್ದಕ್ಕೆ ಹಾಸುತ್ತದೆ.

ಇನ್ನು ‘ವರ್ಷವಿಡೀ ಖಾಲಿ’ ಎಂಬ ದೂರು. ಇದನ್ನು ಹೇಳುವವರಿಗೆ ಮೈದಾನದ ವರ್ಷದ ಕ್ಯಾಲೆಂಡರ್ ತರಿಸಿಕೊಂಡು ನೋಡಿ ಎನ್ನುತ್ತೇನೆ. ಮ್ಯೂನಿಕ್‌ನ ಆ ಬಯಲಿನಲ್ಲೇ ವಸಂತದ ಮೇಳವಿದೆ, ಚಳಿಗಾಲದ ಉತ್ಸವವಿದೆ, ಹಳೆಯ ಸಾಮಾನುಗಳ ದೊಡ್ಡ ಸಂತೆಯಿದೆ. 2020ರಲ್ಲಿ ಮೇಳ ರದ್ದಾದಾಗ ಅಲ್ಲಿ ಕೋವಿಡ್ ಪರೀಕ್ಷಾ ಕೇಂದ್ರ ನಡೆಯಿತು. ಕ್ಯಾಲಿಫೋರ್ನಿಯಾದ ಸಾಂತಾ ರೋಸಾದಲ್ಲಿ 2017ರ ಅಕ್ಟೋಬರ್‌ನ ಕಾಳ್ಗಿಚ್ಚು ಮನೆಗಳನ್ನು ಸುಟ್ಟಾಗ ಜನ ಓಡಿಬಂದು ಆಸರೆ ಪಡೆದದ್ದು ಊರಿನ ಮೇಳದ ಮೈದಾನದಲ್ಲಿ. ದೊಡ್ಡ ಸೂರು, ಸಾಲು ಶೌಚಾಲಯ, ನೀರು, ಜಾನುವಾರು ಕಟ್ಟುವ ಕೊಟ್ಟಿಗೆ ಎಲ್ಲ ಸಿದ್ಧವಾಗಿರುವ ಬೇರೆ ಜಾಗ ನಗರದಲ್ಲಿ ಯಾವುದಿದೆ? ಇನ್ನು ಕ್ಯಾಲೆಂಡರ್ ನಿಜಕ್ಕೂ ಖಾಲಿಯಿದ್ದರೆ ತಪ್ಪು ಬಹುಮಟ್ಟಿಗೆ ಬೇಲಿಯದು, ಬೀಗದ್ದು. ಬೇಲಿ ತೆಗೆಯುವುದು ಸ್ಥಳಾಂತರಕ್ಕಿಂತ ಅಗ್ಗ.

ನನ್ನ ವಾದಕ್ಕೆ ಅನುಕೂಲವಾಗಿ ಒಂದು ಉದಾಹರಣೆ ಕೊಡಲು ಹೋದರೆ ಅದು ಅರ್ಧಕ್ಕೆ ನನ್ನ ವಿರುದ್ಧವೇ ತಿರುಗುತ್ತದೆ. ಅಮೆರಿಕದ ನ್ಯಾಶ್‌ವಿಲ್ ನಗರದ ಮೈದಾನ 117 ಎಕರೆಯದು. ಟೆನೆಸಿ ರಾಜ್ಯದ ಮೇಳ 1906ರಿಂದ ಅಲ್ಲಿ ನಡೆಯುತ್ತಿತ್ತು, ಜೊತೆಗೆ ಕಾರು ಪಂದ್ಯದ ಪಥ, ತಿಂಗಳಿಗೊಮ್ಮೆ ಹಳೆಯ ಸಾಮಾನುಗಳ ಸಂತೆ. ಮೇಯರ್ ಕಾರ್ಲ್ ಡೀನ್ ಅವರ ಆಡಳಿತ ಆ ಜಾಗವನ್ನು ಬೇರೆ ಅಭಿವೃದ್ಧಿಗೆ ಕೊಡಲು ಹೊರಟಾಗ ಜನ ಸಹಿ ಸಂಗ್ರಹಿಸಿ ವಿಷಯವನ್ನು ಮತಕ್ಕೆ ತಂದರು. 2011ರ ಆಗಸ್ಟ್‌ನಲ್ಲಿ ಸುಮಾರು ಶೇ 71ರಷ್ಟು ಮಂದಿ ಮೈದಾನ ಉಳಿಯಲಿ ಎಂದರು. 40 ಸದಸ್ಯರ ನಗರಸಭೆಯಲ್ಲಿ 27 ಮತ ಬಾರದೆ ಅಲ್ಲಿನ ಕಟ್ಟಡಗಳನ್ನು ಕೆಡವುವಂತಿಲ್ಲ ಎಂಬ ನಿಯಮ ನಗರದ ಸನ್ನದಿಗೇ ಸೇರಿತು. ಇಂಥ ಗೆಲುವು ಹೆಚ್ಚು ಊರುಗಳಿಗೆ ದಕ್ಕಿಲ್ಲ. ಆಮೇಲೇನಾಯಿತು? ಮೈದಾನದ ಒಂದು ಭಾಗದಲ್ಲಿ 30,000 ಆಸನಗಳ ಫುಟ್‌ಬಾಲ್ ಕ್ರೀಡಾಂಗಣ ಎದ್ದು 2022ರಲ್ಲಿ ತೆರೆಯಿತು. ಅದಕ್ಕೂ ಒಂದು ವರ್ಷ ಮುಂಚೆ, 2021ರಲ್ಲಿ, ರಾಜ್ಯದ ಮೇಳವೇ ಗಂಟುಮೂಟೆ ಕಟ್ಟಿಕೊಂಡು ಸುಮಾರು 50 ಕಿಲೋಮೀಟರ್ ದೂರದ ಲೆಬನಾನ್ ಎಂಬ ಪಟ್ಟಣದ ಜಿಲ್ಲಾ ಮೇಳದೊಂದಿಗೆ ಸೇರಿಕೊಂಡಿತು. ನೆಲಕ್ಕೆ ಕಾನೂನಿನ ರಕ್ಷಣೆ ಸಿಕ್ಕಿತು, ಮೇಳ ಎದ್ದು ಹೋಯಿತು. ಹಾಗಾಗಿ ‘ಮೈದಾನ ಉಳಿಸಿ’ ಎಂದು ಫಲಕ ಹಿಡಿದವರನ್ನೂ ನಾನು ಪ್ರಶ್ನಿಸುತ್ತೇನೆ: ನೀವು ಉಳಿಸಲು ಹೊರಟಿರುವುದು ನೆಲವನ್ನೋ, ಮೇಳವನ್ನೋ? ಎರಡನ್ನೂ ಎಂದಾದರೆ ಮೇಳ ನಡೆಸುವ ಸಂಸ್ಥೆಯ ಲೆಕ್ಕಪತ್ರವನ್ನೂ ನೋಡಬೇಕಾಗುತ್ತದೆ.

ಹಣದ ಕೊರತೆಗೆ ಮೇಳವೇ ಬಲಿಯಾದದ್ದೂ ಇದೆ. 1849ರಲ್ಲಿ ಆರಂಭವಾದ ಮಿಷಿಗನ್ ರಾಜ್ಯದ ಮೇಳ 2009ರಲ್ಲಿ ನಿಂತಿತು. ಡೆಟ್ರಾಯಿಟ್‌ನ ಆ ಮೈದಾನದಲ್ಲಿ ಈಗ ಅಮೆಜಾನ್ ಕಂಪನಿಯ ಗೋದಾಮಿದೆ. ನೆಬ್ರಾಸ್ಕಾ ರಾಜ್ಯದ ಮೇಳವನ್ನು ರಾಜಧಾನಿ ಲಿಂಕನ್‌ನಿಂದ 2010ರಲ್ಲಿ ಸುಮಾರು 150 ಕಿಲೋಮೀಟರ್ ದೂರದ ಗ್ರ್ಯಾಂಡ್ ಐಲೆಂಡ್‌ಗೆ ಕಳಿಸಿ, ಜಾಗವನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಕೃಷಿಕರ ನಡುವೆ ಕೃಷಿ ಮೇಳ ನಡೆಯುವುದರಲ್ಲಿ ಒಂದು ನ್ಯಾಯವಿದೆ, ಒಪ್ಪುತ್ತೇನೆ. ಆದರೆ ಹಸುವನ್ನು ಹತ್ತಿರದಿಂದ ನೋಡಬೇಕಾದದ್ದು ಲಿಂಕನ್‌ನ ಮಕ್ಕಳಲ್ಲವೆ?

ಇದ್ದಲ್ಲೇ ಇರುವುದೂ ನಿರಪಾಯವಲ್ಲ. ಡಲ್ಲಾಸ್‌ನ ಫೇರ್ ಪಾರ್ಕ್‌ನಲ್ಲಿ 1886ರಿಂದ ಮೇಳ ನಡೆಯುತ್ತಿದೆ. 1960ರ ದಶಕದ ಕೊನೆಯಲ್ಲಿ ಅಲ್ಲಿ ಕಾರು ನಿಲ್ಲಿಸಲು ಜಾಗ ಸಾಲದೆಂದು ನಗರಾಡಳಿತ ನೆರೆಯ ಕಪ್ಪುವರ್ಣೀಯರ ಸ್ವಂತ ಮನೆಗಳನ್ನು ಬಲವಂತವಾಗಿ ಸ್ವಾಧೀನಪಡಿಸಿಕೊಂಡು ಕೆಡವಿತು. ಮೇಳವನ್ನು ಉಳಿಸಿಕೊಳ್ಳುವ ಹೆಸರಿನಲ್ಲಿ ಬಡಾವಣೆಯನ್ನು ನುಂಗುವ ಮೈದಾನದ ಪರವಾಗಿ ನಾನು ಮಾತಾಡಲಾರೆ. ಅಂಥಲ್ಲಿ ಮೇಳ ತನ್ನ ಅಳತೆಯನ್ನು ಕುಗ್ಗಿಸಿಕೊಳ್ಳಬೇಕು.

ಕೋಲ್ಕತ್ತದ ಪುಸ್ತಕ ಮೇಳದ ವಿಷಯ ಬೇರೆ. 1976ರಲ್ಲಿ ಶುರುವಾದ ಆ ಮೇಳ ದಶಕಗಳ ಕಾಲ ಊರ ನಡುವಿನ ಮೈದಾನದಲ್ಲಿ ನಡೆಯಿತು. ಹುಲ್ಲು ಹಾಳಾಗುತ್ತದೆ, ದೂಳೇಳುತ್ತದೆ ಎಂದು ಪರಿಸರವಾದಿಗಳು ನ್ಯಾಯಾಲಯಕ್ಕೆ ಹೋದರು. ಅವರ ಮಾತಿನಲ್ಲಿ ಹುರುಳಿತ್ತು. ನಗರಕ್ಕೆ ಉಸಿರಾಡಲು ಇರುವ ಅಷ್ಟು ದೊಡ್ಡ ಹಸಿರು ಅದೊಂದೇ. 2007ರಲ್ಲಿ ಮೇಳ ಅಲ್ಲಿಂದ ಹೊರಬಿತ್ತು. ಆದರೆ ಹೊರಡಿಸಿದವರು ಹೋಗಬೇಕಾದ ಜಾಗವನ್ನು ಗೊತ್ತುಮಾಡಿರಲಿಲ್ಲ. ಆ ವರ್ಷ ಸಾಲ್ಟ್ ಲೇಕ್ ಕ್ರೀಡಾಂಗಣ. 2008ರಲ್ಲಿ ಪಾರ್ಕ್ ಸರ್ಕಸ್ ಮೈದಾನದಲ್ಲಿ ಎಲ್ಲ ಸಿದ್ಧವಾದ ಮೇಲೆ ಉದ್ಘಾಟನೆಯ ಹೊಸ್ತಿಲಲ್ಲಿ ಹೈಕೋರ್ಟ್ ತಡೆ. 2009ರಿಂದ ಮಿಲನ್ ಮೇಳ ಮೈದಾನ, 2018ರಿಂದ ಸಾಲ್ಟ್ ಲೇಕ್‌ನ ಸೆಂಟ್ರಲ್ ಪಾರ್ಕ್. 2020ರಲ್ಲಿ ಮೆಟ್ರೋ ಅದರ ಪಕ್ಕಕ್ಕೇ ಬಂತು. 2025ರಿಂದ ಹೌರಾದಲ್ಲಿ ಹತ್ತಿದವರು ನೇರವಾಗಿ ಅಲ್ಲಿ ಇಳಿಯಬಹುದು. ಮೇಳ ಸೊರಗಲಿಲ್ಲ, ಓದುಗರು ಎಲ್ಲೆಲ್ಲಿಗೋ ಹುಡುಕಿಕೊಂಡು ಬಂದರು. ಹೀಗಾಗಿ ಜನರ ಮೇಳವನ್ನು ಅಲ್ಲಾಡಿಸಲೇಬಾರದು ಎಂದು ನಾನು ಹೇಳುವುದಿಲ್ಲ. ಗಮನಿಸಬೇಕಾದದ್ದು, ಅದು ನೆಲೆ ಕಂಡದ್ದು ನಗರದೊಳಗೇ, ರೈಲು ಹಳಿಯ ಪಕ್ಕದಲ್ಲಿ. ಪ್ರಕಾಶಕರು ವರ್ಷ ವರ್ಷವೂ ‘ಈ ಸಲ ಎಲ್ಲಿ’ ಎಂದು ಪರದಾಡಿದ ಕಾಲವನ್ನು ಮಾತ್ರ ತಪ್ಪಿಸಬಹುದಿತ್ತು.

ಹೋಗುವ ಜಾಗವನ್ನು ಮೊದಲು ಸಿದ್ಧಮಾಡಿ ಆಮೇಲೆ ಮೇಳವನ್ನು ಸಾಗಿಸುವ ಕ್ರಮವನ್ನು ಸಿಡ್ನಿ ಸರಿಯಾಗಿ ಪಾಲಿಸಿತು. 1882ರಿಂದ ಮೂರ್ ಪಾರ್ಕ್‌ನಲ್ಲಿ ನಡೆಯುತ್ತಿದ್ದ ಈಸ್ಟರ್ ಮೇಳವನ್ನು ಒಲಿಂಪಿಕ್ಸ್‌ಗೆಂದು ಸಿದ್ಧವಾಗುತ್ತಿದ್ದ ಹೋಮ್‌ಬುಷ್‌ಗೆ ಕಳಿಸಿದರು. ಅಲ್ಲಿನ ರೈಲು ನಿಲ್ದಾಣ ತೆರೆದದ್ದು 1998ರ ಮಾರ್ಚ್‌ನಲ್ಲಿ, ಮೇಳ ನಡೆದದ್ದು ಏಪ್ರಿಲ್‌ನಲ್ಲಿ. ಮೊದಲು ಹಳಿ, ಆಮೇಲೆ ಜನ. ಆದರೆ ಬಿಟ್ಟುಹೋದ ಜಾಗದ ವಿಷಯದಲ್ಲಿ ಅವರ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ನೂರು ವರ್ಷಕ್ಕೂ ಮಿಕ್ಕಿ ಮೇಳದ ಜನ ಓಡಾಡಿದ ಆ ನೆಲವನ್ನು ದೀರ್ಘಾವಧಿಯ ಗುತ್ತಿಗೆಯ ಮೇಲೆ ಚಲನಚಿತ್ರ ಸ್ಟುಡಿಯೋಗೆ ಕೊಟ್ಟರು.

ಹಾಗಾಗಿ ಯಾವುದೇ ಊರಿನವರು ಸ್ಥಳಾಂತರದ ಯೋಜನೆ ತಂದು ತೋರಿಸಿದರೂ ನಾನು ನಕ್ಷೆಯನ್ನು ಬದಿಗಿಟ್ಟು ಎರಡು ಕಾಗದ ಕೇಳುತ್ತೇನೆ. ಹೊಸ ಜಾಗಕ್ಕೆ ರೈಲೋ ಬಸ್ಸೋ ಯಾವ ತಾರೀಖಿನಿಂದ, ರಾತ್ರಿ ಎಷ್ಟು ಗಂಟೆಯವರೆಗೆ ಓಡುತ್ತದೆ ಎಂಬ ಆದೇಶ ಒಂದು. ಹಳೆಯ ಜಾಗದಲ್ಲಿ ಎಷ್ಟು ಭಾಗ ಸಾರ್ವಜನಿಕರಿಗೆ ಬೇಲಿಯಿಲ್ಲದೆ ಉಳಿಯುತ್ತದೆ, ಮಾರಾಟವೋ ಗುತ್ತಿಗೆಯೋ, ಗುತ್ತಿಗೆಯಾದರೆ ಎಷ್ಟು ವರ್ಷಕ್ಕೆ ಎಂಬ ಕರಾರು ಇನ್ನೊಂದು. ಎರಡೂ ಇದ್ದರೆ ಕುಳಿತು ಮಾತಾಡೋಣ, ಕೆಲವೊಮ್ಮೆ ಹೋಗುವುದೇ ಸರಿ ಎಂದು ನಾನೇ ಬರೆದುಕೊಟ್ಟೇನು. ‘ಅದೆಲ್ಲ ಮುಂದಿನ ಹಂತದಲ್ಲಿ’ ಎಂಬ ಉತ್ತರ ಬಂದರೆ ನನ್ನ ಮತ ಹಳೆಯ ಮೈದಾನಕ್ಕೇ.