ಹದಿನಾಲ್ಕನೆಯ ಹಂತದ ಟೈಮ್‌ಔಟ್

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಟೆಸ್ಟ್ ಎಂಜಿನಿಯರ್ ಆಗಿದ್ದ ಕಾಲದಲ್ಲಿ, ಪವರ್ ಸಪ್ಲೈ ಬೋರ್ಡುಗಳನ್ನು ಪರೀಕ್ಷಿಸುವ ಮೂರನೆಯ ಸ್ಟೇಷನ್ ದಿನಕ್ಕೆ ಹಲವು ಬಾರಿ ತಾನಾಗಿಯೇ ನಿಂತುಬಿಡುತ್ತಿತ್ತು. ಬೋರ್ಡನ್ನು ಜಿಗ್‌ನಲ್ಲಿಟ್ಟು (ಪರೀಕ್ಷೆಗಾಗಿ ಬೋರ್ಡನ್ನು ಹಿಡಿದಿಡುವ ಚೌಕಟ್ಟು) ಬಟನ್ ಒತ್ತಿದರೆ ಗಾಳಿಯ ಸಿಲಿಂಡರು ಪ್ರೋಬ್ ಪಿನ್ನುಗಳನ್ನು ಬೋರ್ಡಿಗೆ ತಾಗಿಸುತ್ತದೆ. ಕಂಪ್ಯೂಟರು ವೋಲ್ಟೇಜ್ ಅಳೆಯುವ ಮಲ್ಟಿಮೀಟರಿಗೂ ಬೋರ್ಡಿನಿಂದ ಬೇಕಾದಷ್ಟು ಕರೆಂಟು ಎಳೆಯುವ ಎಲೆಕ್ಟ್ರಾನಿಕ್ ಲೋಡಿಗೂ ಒಂದರ ಹಿಂದೊಂದು ಆದೇಶ ಕಳಿಸಿ, 22 ಹಂತಗಳ ಅಳತೆಯನ್ನು ಸುಮಾರು 40 ಸೆಕೆಂಡಿನಲ್ಲಿ ಮುಗಿಸುತ್ತದೆ. ಅದರ ನಡುವೆ ಎಲ್ಲೋ ಒಮ್ಮೊಮ್ಮೆ ಮಲ್ಟಿಮೀಟರ್ ಉತ್ತರ ಕೊಡುವುದಿಲ್ಲ, ಪರದೆಯ ಮೇಲೆ ‘ಟೈಮ್‌ಔಟ್’ ಎಂಬ ಕೆಂಪು ಪಟ್ಟಿ ಬರುತ್ತದೆ. ಆಪರೇಟರು ಪ್ರೋಗ್ರಾಮನ್ನು ಮುಚ್ಚಿ ತೆರೆದರೆ ಎಲ್ಲವೂ ಮೊದಲಿನಂತೆ ನಡೆಯುತ್ತದೆ. ನಾನು ಪಕ್ಕದಲ್ಲಿ ಹೋಗಿ ನಿಂತರೆ ಒಂದು ಗಂಟೆಯಾದರೂ ಅದು ನಿಲ್ಲುತ್ತಿರಲಿಲ್ಲ.

ಎರಡು ವಾರ ಹೀಗೆಯೇ ನಡೆದಾಗ, ಉತ್ಪಾದನೆಯ ಒತ್ತಡ ತಾಳಲಾರದೆ ನಮ್ಮ ವಿಭಾಗದವರೊಬ್ಬರು ಪ್ರೋಗ್ರಾಮಿನಲ್ಲಿ ಒಂದು ತೇಪೆ ಹಾಕಿದರು. ಉತ್ತರ ಬಾರದಿದ್ದರೆ ಅದೇ ಆದೇಶವನ್ನು ಮೂರು ಸಲ ಮತ್ತೆ ಕಳಿಸುವುದು ಆ ತೇಪೆ. ಕೆಂಪು ಪಟ್ಟಿ ಮಾಯವಾಯಿತು, ಎಲ್ಲರಿಗೂ ನೆಮ್ಮದಿಯಾಯಿತು. ನನಗೆ ಮಾತ್ರ ಆಗಲಿಲ್ಲ. ಆ ಮಲ್ಟಿಮೀಟರ್ ಕಂಪ್ಯೂಟರಿನೊಡನೆ ಮಾತನಾಡುತ್ತಿದ್ದುದು ಆರ್‌ಎಸ್-232 ಸೀರಿಯಲ್ ತಂತಿಯ ಮೇಲೆ. 1960ರಲ್ಲಿ ರೂಪುಗೊಂಡ ಈ ಪದ್ಧತಿಯ ತಂತಿಯ ಮೇಲೆ ನಮ್ಮ ಮೀಟರಿನ ಅಂಕಿಗಳು ಬರಿಯ ಅಕ್ಷರಗಳಾಗಿ ಹರಿದುಬರುತ್ತಿದ್ದವು. ನಮ್ಮ ಜೋಡಣೆಯಲ್ಲಿ ಪ್ಯಾರಿಟಿಯೂ ಇರಲಿಲ್ಲ, ಬಂದದ್ದು ಸರಿಯೇ ಎಂದು ತಾಳೆ ನೋಡುವ ಬೇರಾವ ವ್ಯವಸ್ಥೆಯೂ ಇರಲಿಲ್ಲ. ತಂತಿಯಲ್ಲಿ ಏನೋ ಕೆಡುತ್ತಿದೆ ಎಂದಾದರೆ, ಆದೇಶದ ಅಕ್ಷರ ಕೆಟ್ಟಾಗ ಮೀಟರಿಗೆ ಅದು ಅರ್ಥವಾಗದೆ ಸುಮ್ಮನಿರುತ್ತದೆ, ನಮಗೆ ಟೈಮ್‌ಔಟ್ ಕಾಣುತ್ತದೆ. ಆದರೆ ಉತ್ತರದೊಳಗಿನ ಒಂದು ಅಂಕಿ ಕೆಟ್ಟರೆ ಏನೂ ಕಾಣುವುದಿಲ್ಲ. ತಪ್ಪು ಅಳತೆಯೊಂದು ಸರಿಯಾದ ಅಳತೆಯ ವೇಷದಲ್ಲಿ ದಾಖಲೆಯೊಳಗೆ ಸೇರಿಬಿಡುತ್ತದೆ. ಆ ಬೋರ್ಡುಗಳು ಯಾರದೋ ಉಪಕರಣದೊಳಗೆ ಕುಳಿತು ವರ್ಷಾನುಗಟ್ಟಲೆ ಕೆಲಸ ಮಾಡಬೇಕಾದವು. ನಾವು ಒತ್ತುವ ‘ಪಾಸ್’ ಮುದ್ರೆಯನ್ನು ನಾವೇ ನಂಬಲಾಗದ ಸ್ಥಿತಿ ನನಗೆ ಸಹಿಸಲಾಗದ್ದಾಗಿತ್ತು.

ಆ ವಾರದ ಸೋಮವಾರ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸೀರಿಯಲ್ ಕೇಬಲ್ ಬದಲಿಸಿದೆ, ಯುಎಸ್‌ಬಿಯಿಂದ ಸೀರಿಯಲ್‌ಗೆ ಪರಿವರ್ತಿಸುವ ಸಾಧನವನ್ನು ಬದಲಿಸಿದೆ, ವಿದ್ಯುತ್ ಉಳಿಸಲು ಯುಎಸ್‌ಬಿ ಪೋರ್ಟನ್ನು ಮಲಗಿಸುವ ವಿಂಡೋಸ್‌ನ ಸೆಟ್ಟಿಂಗನ್ನು ಆಫ್ ಮಾಡಿದೆ. ಮೂರನ್ನೂ ಒಟ್ಟಿಗೆ ಮಾಡಿದ್ದು ತಪ್ಪು. ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಮಂಗಳವಾರ ಮತ್ತು ಬುಧವಾರ ಒಂದೇ ಒಂದು ದೋಷವೂ ಬರಲಿಲ್ಲ. ಪರಿವರ್ತಕವೇ ಕಾರಣವಾಗಿತ್ತೆಂದು ವರದಿ ಬರೆಯಲು ಕುಳಿತಿದ್ದೆ. ಗುರುವಾರ ಬೆಳಗಿನ ಶಿಫ್ಟಿನಲ್ಲಿ, ಒಂಬತ್ತು ಗಂಟೆಯೊಳಗೆ, ಪರೀಕ್ಷೆಯ ಅವಧಿ ಎರಡು ಬಾರಿ ಕಾರಣವಿಲ್ಲದೆ ಹತ್ತು ಹತ್ತು ಸೆಕೆಂಡು ಉದ್ದವಾಯಿತು. ಟೈಮ್‌ಔಟಿಗೆ ನಾವು ಇಟ್ಟಿದ್ದ ಅವಧಿ ಸರಿಯಾಗಿ ಹತ್ತು ಸೆಕೆಂಡು. ದೋಷ ಎಲ್ಲಿಗೂ ಹೋಗಿರಲಿಲ್ಲ, ತೇಪೆಯ ಕೆಳಗೆ ಅಡಗಿತ್ತು.

ಅಂದು ಸಂಜೆ ತೇಪೆಯನ್ನು ಕಿತ್ತುಹಾಕಿ, ಅದರ ಜಾಗದಲ್ಲಿ ಲಾಗ್ ಬರೆಯುವ ನಾಲ್ಕು ಸಾಲು ಸೇರಿಸಿದೆ. ಯಾವ ಹಂತ, ಯಾವ ಆದೇಶ, ಮಿಲಿಸೆಕೆಂಡಿನವರೆಗಿನ ಸಮಯ, ಅದಕ್ಕೂ ಹಿಂದೆ ಯಾವ ಉಪಕರಣಕ್ಕೆ ಏನು ಹೇಳಲಾಗಿತ್ತು, ಎಲ್ಲವೂ ಒಂದು ಕಡತದಲ್ಲಿ ಬೀಳಬೇಕು. ಸ್ಟೇಷನ್ ಮತ್ತೆ ನಿಲ್ಲತೊಡಗಿದ್ದರಿಂದ ಶುಕ್ರವಾರವಿಡೀ ಲೈನ್ ಸೂಪರ್‌ವೈಸರ್ ನನ್ನ ಮುಖವನ್ನೇ ನೋಡಲಿಲ್ಲ. ಶನಿವಾರ ಬೆಳಿಗ್ಗೆ ಕಡತ ತೆರೆದಾಗ 26 ದೋಷಗಳಿದ್ದವು. ಅವುಗಳಲ್ಲಿ 24 ಹದಿನಾಲ್ಕನೆಯ ಹಂತದವು. ಉಳಿದ ಎರಡು, ಆಪರೇಟರು ಪರೀಕ್ಷೆಯ ಮಧ್ಯದಲ್ಲಿ ಬಟನ್ ಒತ್ತಿ ಜಿಗ್ಗನ್ನು ಕೈಯಾರೆ ಬಿಡಿಸಿದ ಕ್ಷಣದವು.

ಹದಿಮೂರನೆಯ ಹಂತದ ಕೊನೆಯಲ್ಲಿ ಆ ಜಿಗ್‌ನ ಎರಡನೆಯ ಸಿಲಿಂಡರು ಹಿಂದೆ ಸರಿದು ಒಂದು ಸಾಲು ಪಿನ್ನುಗಳನ್ನು ಬಿಡಿಸುತ್ತದೆ. ಒಡನೆಯೇ ಹದಿನಾಲ್ಕನೆಯದರಲ್ಲಿ ಮೀಟರ್ 5 ವೋಲ್ಟಿನ ಔಟ್‌ಪುಟ್ಟನ್ನು ಅಳೆಯುತ್ತದೆ. ಉತ್ಪಾದನೆಯ ರಿಜಿಸ್ಟರ್ ತರಿಸಿ ನೋಡಿದೆ. ಮಂಗಳವಾರ ಮತ್ತು ಬುಧವಾರ ಆ ಸ್ಟೇಷನ್ನಿನಲ್ಲಿ ಓಡಿದ್ದು ಬೇರೊಂದು ಮಾಡೆಲ್. ಅದರ ಜಿಗ್‌ನಲ್ಲಿ ಎರಡನೆಯ ಸಿಲಿಂಡರೇ ಇಲ್ಲ. ನಾನು ಬದಲಿಸಿದ ಯಾವುದಕ್ಕೂ ಆ ಎರಡು ದಿನದ ಶಾಂತಿಗೂ ಸಂಬಂಧವೇ ಇರಲಿಲ್ಲ.

ಆ ಸ್ಟೇಷನ್ನಿನಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದ ಆಪರೇಟರ್ ಹೆಣ್ಣುಮಗಳನ್ನು ಮೊದಲ ದಿನವೇ ಕೇಳಬೇಕಾಗಿತ್ತು. ಅಂದು ಕೇಳಿದೆ: “ಈ ಜಿಗ್‌ನಲ್ಲಿ ಇತ್ತೀಚೆಗೆ ಏನಾದರೂ ಬದಲಾಗಿದೆಯೇನಮ್ಮಾ?” ಆಕೆ ಯೋಚಿಸಲೂ ಇಲ್ಲ. “ಹಿಂದುಗಡೆ ವಾಲ್ವ್ ಬದಲಾಯಿಸಿದ್ರಲ್ಲ ಸರ್. ಹಳೇದ್ರ ತಲೆ ಮೇಲೆ ಒಂದು ಸಣ್ಣ ಕೆಂಪು ದೀಪ ಹತ್ಕೊಳ್ತಿತ್ತು, ಹೊಸದ್ರಲ್ಲಿ ಹತ್ತಲ್ಲ. ಕೆಟ್ಟಿರಬೇಕು ಅಂದ್ಕೊಂಡೆ, ಆದ್ರೆ ಕೆಲಸ ಮಾಡ್ತಿದೆ” ಎಂದರು. ಮೇಂಟೆನೆನ್ಸ್‌ನವರ ಪುಸ್ತಕದಲ್ಲಿ ದಿನಾಂಕ ನೋಡಿದರೆ, ವಾಲ್ವ್ ಬದಲಾದ ಮರುದಿನದಿಂದಲೇ ದೂರುಗಳು ಆರಂಭವಾಗಿದ್ದವು.

ದೀಪ ಕೆಟ್ಟಿರಲಿಲ್ಲ, ದೀಪವೇ ಇರಲಿಲ್ಲ. ಆ ಎರಡನೆಯ ಸಿಲಿಂಡರಿನ ಗಾಳಿಯನ್ನು ನಿಯಂತ್ರಿಸುವುದು ಈ ಸೊಲೆನಾಯ್ಡ್ ವಾಲ್ವ್; ಒಳಗಿನ ತಂತಿಸುರುಳಿಗೆ, ಅಂದರೆ ಕಾಯಿಲಿಗೆ, ಕರೆಂಟು ಕೊಟ್ಟು ಅದನ್ನು ನಡೆಸುತ್ತಾರೆ. ಹಳೆಯ ಸೊಲೆನಾಯ್ಡ್ ವಾಲ್ವಿನ ಪ್ಲಗ್ಗಿನೊಳಗೆ ಆ ಪುಟ್ಟ ಎಲ್‌ಇಡಿಯ ಜೊತೆಗೇ ಕಾಯಿಲಿನ ವೋಲ್ಟೇಜ್ ಏಟನ್ನು ತಡೆಯುವ ಬಿಡಿಭಾಗವೂ ಸೇರಿರುತ್ತದೆ. ಹೊಸದು ಅದೇ 24 ವೋಲ್ಟಿನ ವಾಲ್ವ್ ಆದರೂ ಅದರೊಡನೆ ಬಂದದ್ದು ಬರಿಯ ಪ್ಲಗ್. ಕಾಯಿಲಿನಲ್ಲಿ ಹರಿಯುತ್ತಿರುವ ಕರೆಂಟನ್ನು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಥಟ್ಟನೆ ಕಡಿದಾಗ, ಕಾಯಿಲು ಆ ಕರೆಂಟನ್ನು ಹರಿಸಿಯೇ ತೀರಲು ನೋಡುತ್ತದೆ; ದಾರಿ ಸಿಗದಿದ್ದರೆ ವೋಲ್ಟೇಜು ಏರುತ್ತಲೇ ಹೋಗುತ್ತದೆ. ನೂರು ಪಟ್ಟು ಇಳಿಸಿ ತೋರಿಸುವ ಪ್ರೋಬನ್ನು, ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿಗೆ ಸಿಕ್ಕಿಸಿ ನೋಡಿದಾಗ, 24 ವೋಲ್ಟಿನ ಆ ಕಾಯಿಲು ಪ್ರತಿ ಸಲ ಬಿಡುವಾಗಲೂ 300 ವೋಲ್ಟಿಗೂ ಮೀರಿದ ಮುಳ್ಳೊಂದನ್ನು ಎಬ್ಬಿಸುತ್ತಿತ್ತು. ವಾಲ್ವಿನ ತಂತಿಯೂ ಮೀಟರಿನ ಸೀರಿಯಲ್ ಕೇಬಲ್ಲೂ ಒಂದೇ ಡಕ್ಟಿನಲ್ಲಿ, ಒಂದೇ ಕೇಬಲ್ ಟೈ ಕಟ್ಟಿಸಿಕೊಂಡು, ಒಂದು ಮೀಟರಿಗಿಂತ ಹೆಚ್ಚು ದೂರ ಜೊತೆಯಾಗಿ ಸಾಗಿದ್ದವು. ಆ ಕಟ್ಟನ್ನು ಕಟ್ಟಿದ್ದು ನಮ್ಮದೇ ವಿಭಾಗ.

ಮುಳ್ಳು ಪ್ರತಿ ಬೋರ್ಡಿಗೂ ಬರುತ್ತಿದ್ದರೆ ದೋಷ ಅಪರೂಪಕ್ಕೆ ಏಕೆ ಬರಬೇಕು? ಇಲ್ಲಿ ನಾನು ಕಾಗದದ ಮೇಲೆ ಸ್ವಲ್ಪ ಲೆಕ್ಕ ಹಾಕಬೇಕಾಯಿತು. ಸೆಕೆಂಡಿಗೆ 9600 ಬಿಟ್‌ಗಳ ವೇಗದಲ್ಲಿ ಒಂದು ಬಿಟ್ ತಂತಿಯ ಮೇಲೆ ಇರುವುದು ಸುಮಾರು 104 ಮೈಕ್ರೊಸೆಕೆಂಡು; ಸ್ವೀಕರಿಸುವ ಚಿಪ್ ಆ ಅವಧಿಯ ನಡುಭಾಗದಲ್ಲಿ ಮಾತ್ರ ಅದು ಒಂದೋ ಸೊನ್ನೆಯೋ ಎಂದು ನೋಡುತ್ತದೆ. ತಂತಿಗೆ ದಾಟಿಬರುತ್ತಿದ್ದ ಮುಳ್ಳು ಹತ್ತಿಪ್ಪತ್ತು ಮೈಕ್ರೊಸೆಕೆಂಡಿನದು. ಅದು ಸರಿಯಾಗಿ ಆ ನಡುಭಾಗದಲ್ಲೇ ಬೀಳಬೇಕು, ಬಿದ್ದರೂ ಬಿಟ್ಟನ್ನು ತಿರುಗುಮುರುಗು ಮಾಡುವ ದಿಕ್ಕಿನಲ್ಲೇ ಬೀಳಬೇಕು. ಎರಡು ಅಕ್ಷರಗಳ ನಡುವಿನ ಬಿಡುವಿನಲ್ಲಿ ಬಿದ್ದರೆ ಬಹುಪಾಲು ಸಲ ತೊಂದರೆಯಿಲ್ಲ. ರಿಲೇ ಬಿಡುವ ಸಮಯ ಪ್ರತಿ ಸಲವೂ ಒಂದೆರಡು ಮಿಲಿಸೆಕೆಂಡು ಹಿಂದೆಮುಂದೆ ಆಗುತ್ತದೆ. ಆಕಸ್ಮಿಕ ಎಂದು ನಾವು ಕರೆಯುತ್ತಿದ್ದುದು ಇಷ್ಟೇ.

ಕಾಯಿಲಿನ ಎರಡು ತುದಿಗಳ ನಡುವೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4007 ಡಯೋಡನ್ನು ಹಿಮ್ಮುಖವಾಗಿ ಬೆಸೆದೆ. ಮುಳ್ಳು ಒಂದು ವೋಲ್ಟಿನಷ್ಟಕ್ಕೆ ತಗ್ಗಿತು. ಡಯೋಡ್ ಹಾಕಿದರೆ ವಾಲ್ವ್ ಬಿಡುವುದು ತುಸು ನಿಧಾನವಾಗುತ್ತದೆಂಬುದು ಗೊತ್ತಿದ್ದುದರಿಂದ ಅಳತೆಗೆ ಮೊದಲಿನ ಕಾಯುವಿಕೆಯನ್ನು ಸ್ವಲ್ಪ ಹೆಚ್ಚಿಸಿದೆ, ಕೇಬಲ್ ಟೈಗಳನ್ನು ಕತ್ತರಿಸಿ ಸೀರಿಯಲ್ ಕೇಬಲ್ಲನ್ನು ರ್‍ಯಾಕಿನ ಇನ್ನೊಂದು ಬದಿಯಿಂದ ಎಳೆದೆ. ಮಧ್ಯಾಹ್ನ ಊಟದ ನಂತರ 150 ಬೋರ್ಡುಗಳು ಒಮ್ಮೆಯೂ ನಿಲ್ಲದೆ ಹೋದವು. ಆದರೆ ಬುಧವಾರದ ಶಾಂತಿ ಇನ್ನೂ ನೆನಪಿನಲ್ಲಿತ್ತು. ಆದ್ದರಿಂದ ಡಯೋಡನ್ನು ತೆಗೆದು, ಕೇಬಲ್ಲನ್ನು ಮೊದಲಿದ್ದ ಕಡೆ ಕಟ್ಟಿ, ಕಾಯುವಿಕೆಯನ್ನೂ ಮೊದಲಿನಷ್ಟಕ್ಕೆ ಇಳಿಸಿ ಮತ್ತೆ ಓಡಿಸಿದೆ. ಮೂವತ್ತೆಂಟನೆಯ ಬೋರ್ಡಿಗೆ ಹದಿನಾಲ್ಕನೆಯ ಹಂತದಲ್ಲಿ ಟೈಮ್‌ಔಟ್ ಬಂತು. ಆ ಕೆಂಪು ಪಟ್ಟಿಯನ್ನು ಕಂಡು ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ. ಮೊದಲು ಡಯೋಡ್ ಮಾತ್ರ, ನಂತರ ಕೇಬಲ್, ಕೊನೆಗೆ ಕಾಯುವಿಕೆ, ಹೀಗೆ ಒಂದೊಂದಾಗಿ ಮರಳಿ ಸರಿಪಡಿಸಿದೆ.

ಸಂಜೆ ರಿಪೇರಿ ಬೆಂಚಿಗೆ ಹೋದೆ. ಮೂರನೆಯ ಸ್ಟೇಷನ್ನಿನಲ್ಲಿ ಫೇಲ್ ಆಗಿ, ಬೆಂಚಿನಲ್ಲಿ ಯಾವ ದೋಷವೂ ಕಾಣದೆ ಉಳಿದಿದ್ದ ಬೋರ್ಡುಗಳ ಒಂದು ಟ್ರೇ ಅಲ್ಲಿತ್ತು. ಒಂದರ ಚೀಟಿಯ ಮೇಲೆ 5.06 ಎಂದಿತ್ತು, ನಮ್ಮ ಮೇಲ್ಮಿತಿ 5.05. ಬೆಂಚಿನ ಮೀಟರಿನಲ್ಲಿ ಅಳೆದರೆ 5.02. ಅಂಕಿಗಳನ್ನು ಅಕ್ಷರಗಳಾಗಿ ಕಳಿಸುವ ಆಸ್ಕಿ ಸಂಕೇತದಲ್ಲಿ 2ಕ್ಕೂ 6ಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಬಿಟ್. ಒಳ್ಳೆಯ ಬೋರ್ಡನ್ನು ಕೆಟ್ಟದ್ದೆಂದು ಹೇಳಬಲ್ಲ ಆ ಬಿಟ್, 5.06 ಇರುವ ಬೋರ್ಡನ್ನು 5.02 ಎಂದೂ ಹೇಳಬಲ್ಲದು. ವಾಲ್ವ್ ಬದಲಾದ ದಿನದಿಂದ ಆ ಸ್ಟೇಷನ್ ದಾಟಿ ಗೋದಾಮಿನಲ್ಲಿದ್ದ ಅಷ್ಟೂ ಬೋರ್ಡುಗಳನ್ನು ತಡೆಹಿಡಿದು ಮತ್ತೆ ಪರೀಕ್ಷಿಸಬೇಕೆಂದು ಗುಣಮಟ್ಟ ವಿಭಾಗಕ್ಕೆ ಬರೆದುಕೊಟ್ಟೆ. ಸೋಮವಾರ ಬೆಳಗಿನ ಶಿಫ್ಟಿನಲ್ಲಿ ಮೊದಲ ಟ್ರೇ ಜಿಗ್‌ನ ಮುಂದೆ ಬಂದಾಗ, ವಾಲ್ವಿಗೆ ಕೆಂಪು ದೀಪವಿದ್ದ ಪ್ಲಗ್ ಮತ್ತೆ ಬಂದಿತ್ತು. ಆಪರೇಟರು ಬಗ್ಗಿ, ಅದು ಹತ್ತಿಕೊಳ್ಳುವುದನ್ನು ನೋಡಿಕೊಂಡೇ ಮೊದಲ ಬೋರ್ಡನ್ನು ಇಟ್ಟರು.